ಚಿಹ್ನೆ ಅಂಕಿಯಲ್ಲಿಲ್ಲ, ಆಜ್ಞೆಯಲ್ಲಿದೆ

ಗಣಕಯಂತ್ರದ ವಿದ್ಯೆಯನ್ನು ಕಲಿಯುವವರಿಗೆ ಯಂತ್ರಭಾಷೆಯ ಪರಿಚಯವು ಇನ್ನು ಅನಾವಶ್ಯಕವೆಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ಒಪ್ಪುವ ಮೊದಲು 2020ರಲ್ಲಿ ನಡೆದ ಒಂದು ತಿದ್ದುಪಡಿಯನ್ನು ವಿದ್ಯಾರ್ಥಿಗಳು ಗಮನಿಸುವುದು ಒಳ್ಳೆಯದು.

ಲಿನಕ್ಸ್ ವ್ಯವಸ್ಥೆಯುಳ್ಳ ಅನೇಕ ಯಂತ್ರಗಳಿಗೆ ಗ್ನೂ ಸಿ ಲೈಬ್ರರಿಯೆಂಬ ಕ್ರಮವಿಧಿಗಳ ಸಂಗ್ರಹವೇ ತಳಹದಿ. ಮೆಮೊರಿಯ ಒಂದೆಡೆಯಿಂದ ಇನ್ನೊಂದೆಡೆಗೆ ಮಾಹಿತಿಯನ್ನು ನಕಲು ಮಾಡುವ 'ಮೆಮ್‌ಕಾಪಿ' ಅದರಲ್ಲೊಂದು. ವೇಗಕ್ಕಾಗಿ ಇದನ್ನು ಹಲವು ಬಗೆಯ ಯಂತ್ರಗಳಿಗೆ ಅಸೆಂಬ್ಲಿ ಭಾಷೆಯಲ್ಲಿಯೇ ಬರೆದಿದ್ದಾರೆ. ಎಷ್ಟು ಬೈಟ್‌ಗಳನ್ನು ನಕಲು ಮಾಡಬೇಕೆಂಬ ಪ್ರಮಾಣವನ್ನು ಅದಕ್ಕೆ ತಿಳಿಸಬೇಕು. ಈ ಪ್ರಮಾಣವು ಎಂದಿಗೂ ಋಣಸಂಖ್ಯೆಯಾಗಲಾರದಷ್ಟೆ.

ಈಗ 32 ಬಿಟ್‌ಗಳೂ 1 ಆಗಿರುವ ಒಂದು ಸಾಲನ್ನು ತೆಗೆದುಕೊಳ್ಳೋಣ. ಚಿಹ್ನೆಯಿಲ್ಲದ ಸಂಖ್ಯೆಯೆಂದು ಓದಿದರೆ ಅದು 4294967295. ಚಿಹ್ನೆಯುಳ್ಳದ್ದೆಂದು ಓದಿದರೆ ಬರಿಯ −1. ಬಿಟ್‌ಗಳು ತಾವಾಗಿ ಏನನ್ನೂ ಹೇಳವು. ಅವನ್ನು ಓದುವ ಆಜ್ಞೆಯೇ ಅರ್ಥವನ್ನು ನಿರ್ಣಯಿಸುತ್ತದೆ. 'ಸಮವಾಗಿದ್ದರೆ ಅಥವಾ ದೊಡ್ಡದಾಗಿದ್ದರೆ ಇತ್ತ ಹೋಗು' ಎನ್ನಲು ಆರ್ಮ್ ಪ್ರೊಸೆಸರಿನಲ್ಲಿ ಎರಡು ಆಜ್ಞೆಗಳಿವೆ: ಚಿಹ್ನೆಯುಳ್ಳ ಸಂಖ್ಯೆಗಳಿಗೆ 'ಬಿಜಿಇ', ಚಿಹ್ನೆಯಿಲ್ಲದವಕ್ಕೆ 'ಬಿಎಚ್‌ಎಸ್'. ಆರ್ಮ್-ವಿ7 ಯಂತ್ರಗಳ ಮೆಮ್‌ಕಾಪಿಯಲ್ಲಿ ಪ್ರಮಾಣವನ್ನು 64ರೊಡನೆ ಹೋಲಿಸುವ ಕಡೆ ಬಿಎಚ್‌ಎಸ್ ಇರಬೇಕಾದಲ್ಲಿ ಬಿಜಿಇ ಇದ್ದಿತು. ಆದುದರಿಂದ 2147483648 ಮತ್ತು ಅದಕ್ಕೆ ಮೇಲ್ಪಟ್ಟ ಪ್ರಮಾಣಗಳು ಋಣಸಂಖ್ಯೆಗಳಂತೆ ತೋರಿ, 64ಕ್ಕಿಂತ ಕಿರಿದಾದವುಗಳ ದಾರಿಯನ್ನು ಹಿಡಿಯುತ್ತಿದ್ದುವು. ತಪ್ಪು ಪ್ರಮಾಣವು ಬಂದೊಡನೆ ನಿಂತುಹೋಗಬೇಕಾದ ಕ್ರಮವಿಧಿಯು, ಕೆಟ್ಟ ಮಾಹಿತಿಯನ್ನು ಹೊತ್ತು ಮೌನವಾಗಿ ಮುಂದುವರಿಯುವ ಸಂಭವವಿದ್ದಿತು. ದುರುದ್ದೇಶವುಳ್ಳವರಿಗೆ ಇದಕ್ಕಿಂತ ಅನುಕೂಲವೇನು ಬೇಕು?

ಸಿಸ್ಕೋ ಸಂಸ್ಥೆಯ ಸಂಶೋಧಕರು ಈ ದೋಷವನ್ನು ಕಂಡುಹಿಡಿದರು. ಬಿಜಿಇಗೆ ಬದಲು ಬಿಎಚ್‌ಎಸ್ ಬಂದಿತು. ಇಂತಹುದೇ ಇತರ ಆಜ್ಞೆಗಳನ್ನೂ ತಿದ್ದಲಾಯಿತು. ದೋಷವು ಮರುಕಳಿಸದಂತೆ ಒಂದು ಪರೀಕ್ಷೆಯನ್ನೂ ಸೇರಿಸಿದರು. 2020ರ ಆಗಸ್ಟಿನಲ್ಲಿ ಹೊರಬಂದ 2.32ನೆಯ ಆವೃತ್ತಿಯಲ್ಲಿ ಈ ತಿದ್ದುಪಡಿಯಿದೆ.

ಅಷ್ಟು ದೊಡ್ಡ ಪ್ರಮಾಣವನ್ನು ಕೊಟ್ಟವರದೇ ತಪ್ಪಲ್ಲವೆ ಎಂದು ಕೇಳಬಹುದು. ನಿಜ, ಚಿಕ್ಕ ಸಂಖ್ಯೆಯಿಂದ ದೊಡ್ಡದನ್ನು ಕಳೆದಾಗ ಇಂತಹ ಪ್ರಮಾಣವು ಹುಟ್ಟುತ್ತದೆ. ಆದರೆ ಮೇಲಿನವರ ತಪ್ಪನ್ನು ತಳಹದಿಯು ಮರೆಮಾಡಕೂಡದು.

ಇನ್ನೊಂದು ಮಾತು. ಸಿ ಭಾಷೆಯಲ್ಲಿ ಈ ಪ್ರಮಾಣವು ಚಿಹ್ನೆಯಿಲ್ಲದ್ದೆಂದು ಸ್ಪಷ್ಟವಾಗಿಯೇ ಘೋಷಿತವಾಗಿದೆ. ಅಲ್ಲಿ ಎಷ್ಟು ಹುಡುಕಿದರೂ ಈ ದೋಷವು ಕಾಣದು. ಆಜ್ಞೆಗಳನ್ನು ಓದಬಲ್ಲವರಿಗೆ ಮಾತ್ರ ಕಂಡೀತು. ಎಲ್ಲರೂ ಯಂತ್ರಭಾಷೆಯಲ್ಲಿಯೇ ಬರೆಯಬೇಕೆಂದು ನಾವು ಹೇಳುತ್ತಿಲ್ಲ. ಆದರೆ ವಿದ್ಯಾರ್ಥಿದೆಸೆಯಲ್ಲಿ ಒಂದು ಚಿಕ್ಕ ಅಸೆಂಬ್ಲಿ ಕ್ರಮವಿಧಿಯನ್ನಾದರೂ ಆಜ್ಞೆ ಆಜ್ಞೆಯಾಗಿ ಓದಿ ತಿಳಿಯದವನು, ತಾನು ಕಟ್ಟುವ ಮನೆಯ ತಳಹದಿಯನ್ನು ಪರರ ಮಾತಿನ ಮೇಲೆಯೇ ನಂಬಬೇಕಾಗುತ್ತದೆ.