ಫ್ಲ್ಯಾಶ್ ಎಂದರೆ ಫೇರ್‌ನೆಸ್ ಕ್ರೀಮ್ ಅಲ್ಲ

ಮುಂಬೈಯಲ್ಲಿ ನಡೆಯುವ ನಮ್ಮವರ ಮದುವೆ ಆಲ್ಬಮ್ಮುಗಳನ್ನು ತೆರೆದು ನೋಡಿ. ಹುಡುಗಿ ಎಣ್ಣೆಗೆಂಪಿರಲಿ, ಕಪ್ಪಿರಲಿ, ಫೋಟೋದಲ್ಲಿ ಸುಣ್ಣ ಬಳಿದ ಗೋಡೆ. ಇದನ್ನು ಕಂಡು ಫ್ಲ್ಯಾಶನ್ನೇ ಬಯ್ಯುವವರು ‘ನಮಗೆ ಸಹಜ ಬೆಳಕೇ ಸಾಕು’ ಎಂದು ಬೀಗುತ್ತಾರೆ. ರಾತ್ರಿ 8ರ ರಿಸೆಪ್ಶನ್ ಹಾಲಿನಲ್ಲಿ ಯಾವ ಸಹಜ ಬೆಳಕು ಸ್ವಾಮೀ? ಅದು ಕಲಿಯಲಾರದವರ ನೆಪ.

ಕ್ಯಾಮೆರಾದ ಮೇಲೆ ಸಿಕ್ಕಿಸಿ ನೇರ ಹೊಡೆದ ಬೆಳಕು ಮುಖದ ನೆರಳನ್ನೆಲ್ಲ ಅಳಿಸುತ್ತದೆ. ನೆರಳಿಲ್ಲದ ಮುಖಕ್ಕೆ ಮೂಗೂ ಇಲ್ಲ, ಕೆನ್ನೆಯೂ ಇಲ್ಲ. ಅದೇ ಫ್ಲ್ಯಾಶನ್ನು ಪಕ್ಕದ ಬಿಳಿ ಗೋಡೆಗೆ ತಿರುಗಿಸಿ. ಇಲ್ಲವೇ ಕಳಚಿ, 45 ಡಿಗ್ರಿ ಪಕ್ಕದಲ್ಲಿ, ಕಣ್ಣಿಗಿಂತ ಮೇಲಿಟ್ಟು, ಬಿಳಿ ಛತ್ರಿಯ ಮೂಲಕ ಬಿಡಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಈ ಲೆಕ್ಕ ಕಲಿತವನ ಕೈಯಲ್ಲಿ ಕಪ್ಪು ಚರ್ಮ ತನ್ನ ಹೊಳಪಿನಲ್ಲೇ ಮೂಡುತ್ತದೆ.

ಕೊಡಾಕ್‌ನ ‘ಶರ್ಲಿ ಕಾರ್ಡ್’ ದಶಕಗಳ ಕಾಲ ಬಿಳಿಯ ಹೆಣ್ಣಿನ ಮುಖವನ್ನೇ ಬಣ್ಣದ ಅಳತೆಗೋಲಾಗಿಸಿತ್ತು. ಫಿಲ್ಮ್ ಹೋಯಿತು, ಆ ಕಣ್ಣು ಮಾತ್ರ ನಮ್ಮಲ್ಲೇ ಉಳಿಯಿತು. ದುಡ್ಡು ಕೊಡುವ ಅಪ್ಪ ಅಮ್ಮಂದಿರೇ, ‘ಸ್ವಲ್ಪ ಬೆಳ್ಳಗೆ ಬರಲಿ’ ಎನ್ನುವುದನ್ನು ನಿಲ್ಲಿಸಿ. ಮಗಳು ಮಗಳ ಹಾಗೇ ಬರಲಿ ಎನ್ನಿ.