ಗಣಕಯಂತ್ರ ಬಂದಿದೆ, ತಂಡ ಸಿದ್ಧವಾಗಿದೆಯೇ?

ಜಯನಗರದ ನಿವಾಸಿಯಾದ ನಾನು ಇತ್ತೀಚೆಗೆ ಅಕ್ಕನನ್ನು ದಕ್ಷಿಣ ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆ. ಅಲ್ಲಿ ಹೊಸ ತಂತ್ರಾಂಶ ಬಂದಿತ್ತು. ಶುಶ್ರೂಷಕಿ ವಿವರಗಳನ್ನು ಮೊದಲು ರಿಜಿಸ್ಟರಿನಲ್ಲಿ ಬರೆದು, ಅನಂತರ ಕಂಪ್ಯೂಟರಿಗೆ ಏರಿಸುತ್ತಿದ್ದರು. ಅಕ್ಕನಿಗೆ ಪೆನಿಸಿಲಿನ್ ಒಗ್ಗದು ಎಂಬ ಮಾತು ರಿಜಿಸ್ಟರಿನಲ್ಲಿತ್ತು, ಪರದೆಯ ಮೇಲಿರಲಿಲ್ಲ. ವೈದ್ಯರು ನೋಡಿದ್ದು ಪರದೆಯನ್ನು. ಔಷಧದ ಕಿಟಕಿಯಲ್ಲಿ ಅಕ್ಕ ಇನ್ನೊಮ್ಮೆ ವಿಚಾರಿಸಿದ್ದರಿಂದ ಅನಾಹುತ ತಪ್ಪಿತು.

ಶುಶ್ರೂಷಕಿಯನ್ನು ದೂರುವುದು ಸುಲಭ. ಆದರೆ ಸಾಲು ಬೆಳೆಯುತ್ತಿರುವಾಗ ಒಂದೇ ಕೆಲಸವನ್ನು ಎರಡು ಬಾರಿ ಮಾಡಿಸುವ ವ್ಯವಸ್ಥೆಯೇ ಇಲ್ಲಿ ಮೊದಲ ತಪ್ಪಿತಸ್ಥ.

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ 2021ರ ಸೆಪ್ಟೆಂಬರ್ 27ರಂದು ರಾಷ್ಟ್ರಮಟ್ಟದಲ್ಲಿ ಚಾಲನೆ ದೊರೆಯಿತು. ನಾಗರಿಕರಿಗೆ 14 ಅಂಕಿಗಳ ಆರೋಗ್ಯ ಸಂಖ್ಯೆ, ಕ್ಯೂಆರ್ ಕೋಡ್ ಮೂಲಕ ಹೊರರೋಗಿ ನೋಂದಣಿ, ಇವೆಲ್ಲ ಸ್ವಾಗತಾರ್ಹವೇ. ಆದರೆ ಯಂತ್ರವನ್ನು ಟೆಂಡರ್ ಕರೆದು ಕೊಳ್ಳಬಹುದು, ತಂಡವನ್ನು ಹಾಗೆ ಕೊಳ್ಳಲಾಗದು.

ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರೂಸ್ ಟಕ್‌ಮನ್ 1965ರಲ್ಲಿ ತಂಡದ ಬೆಳವಣಿಗೆಗೆ ನಾಲ್ಕು ಹಂತಗಳನ್ನು ಗುರುತಿಸಿದರು: ಕೂಡಿಕೆ, ಕಲಹ, ಕಟ್ಟುಪಾಡು, ಕಾರ್ಯಸಿದ್ಧಿ. ವರ್ಷಗಳಿಂದ ನಾಲ್ಕನೆಯ ಹಂತದಲ್ಲಿದ್ದ ವಾರ್ಡಿನ ತಂಡವೂ ಹೊಸ ತಂತ್ರಜ್ಞಾನ ಬಂದೊಡನೆ ಎರಡನೆಯದಕ್ಕೆ ಜಾರಬಹುದು. ಇಪ್ಪತ್ತು ವರ್ಷದ ಅನುಭವವುಳ್ಳ ಶುಶ್ರೂಷಕಿ, ನಿನ್ನೆ ಸೇರಿದ ಆಪರೇಟರನ್ನು ಕೇಳಿ ಕಲಿಯಬೇಕಾಗುತ್ತದೆ. ಅಲ್ಲಿ ಹುಟ್ಟುವ ಗೊಣಗಾಟವನ್ನು ಆಡಳಿತ ಅಶಿಸ್ತೆಂದು ಭಾವಿಸಿ ನೋಟಿಸ್ ನೀಡುತ್ತದೆ. ಸೇವೆಯಲ್ಲಿದ್ದಾಗ ಹಾಗೆ ನೋಟಿಸ್ ನೀಡಿದವರಲ್ಲಿ ನಾನೂ ಒಬ್ಬ. ಆ ಗೊಣಗಾಟದಲ್ಲಿ ತಂತ್ರಾಂಶದ ನಿಜವಾದ ದೋಷಗಳ ಪಟ್ಟಿಯೇ ಇರುತ್ತಿತ್ತೆಂಬುದು ತಡವಾಗಿ ಅರ್ಥವಾಯಿತು.

ಈ ಹಾದಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಮುದ್ರಿತ ಪ್ರತಿಗಳನ್ನು ಗ್ರಾಮ ಲೆಕ್ಕಿಗರೇ ಪರಿಶೀಲಿಸಿದರು. ಗಣಕೀಕರಣ ಮುಗಿದ ತಾಲ್ಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯೇ ಇಲ್ಲದಾಯಿತು. ಎರಡು ದಾಖಲೆಗಳ ಗೊಂದಲಕ್ಕೆ ಅಲ್ಲಿಗೆ ತೆರೆ ಬಿತ್ತು.

ಆಸ್ಪತ್ರೆ ತಾಲ್ಲೂಕು ಕಚೇರಿಯಲ್ಲ, ನಿಜ. ಪಹಣಿ ನಾಳೆಗೆ ಕಾಯಬಹುದು, ರೋಗಿ ಕಾಯಲಾರ. ವಿದ್ಯುತ್ ಕೈಕೊಟ್ಟಾಗ ಕಾಗದ ಬೇಕೇ ಬೇಕು. ಆದ್ದರಿಂದಲೇ ಬದಲಾವಣೆ ಒಂದೊಂದು ವಿಭಾಗದಂತೆ ನಡೆಯಲಿ. ಪ್ರತಿ ವಿಭಾಗದಲ್ಲಿ ಜೋಡಿ ದಾಖಲೆಗೆ ಕೊನೆಯ ದಿನ ಮೊದಲೇ ಗೊತ್ತಾಗಿರಲಿ, ಅದರ ನಂತರ ಕಾಗದ ತುರ್ತಿಗೆ ಮಾತ್ರ ಮೀಸಲಾಗಲಿ. ಕಲಿಕೆಯ ವಾರಗಳಲ್ಲಿ ಹೆಚ್ಚುವರಿ ಸಿಬ್ಬಂದಿ ಇರಲಿ. ತರಬೇತಿ ನೀಡುವ ಹೊಣೆ ಹಿರಿಯ ಶುಶ್ರೂಷಕಿಯರಿಗೇ ಸಿಗಲಿ. ವಾರಕ್ಕೊಮ್ಮೆ ವೈದ್ಯರು, ಶುಶ್ರೂಷಕಿಯರು, ಔಷಧ ವಿತರಕರು ಒಟ್ಟಿಗೆ ಕುಳಿತು ದೋಷಗಳನ್ನು ಹೇಳಲಿ. ಹೇಳಿದವರಿಗೆ ಮೆಮೊ ಬರದಿರಲಿ.

ಯಶಸ್ಸನ್ನು ಅಳೆಯುವ ಮಾನದಂಡವೂ ಬದಲಾಗಬೇಕು. ಎಷ್ಟು ಆರೋಗ್ಯ ಸಂಖ್ಯೆ ಸೃಷ್ಟಿಯಾಯಿತೆಂಬುದನ್ನು ಎಣಿಸುವುದು ಅಧಿಕಾರಿಗೆ ಸುಲಭ. ರೋಗಿ ಎಷ್ಟು ಹೊತ್ತು ಕಾದ, ಆತನಿಗೆ ಒಗ್ಗದ ಔಷಧದ ಹೆಸರು ವೈದ್ಯರ ಕಣ್ಣಿಗೆ ಬಿತ್ತೇ ಎಂಬುದೇ ನಿಜವಾದ ಲೆಕ್ಕ.

ಅಕ್ಕ ಈಗ ಒಗ್ಗದ ಔಷಧದ ಹೆಸರನ್ನು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಆ ಚೀಟಿ ಅನಗತ್ಯವಾಗುವ ದಿನ ನಮ್ಮ ಡಿಜಿಟಲ್ ಆರೋಗ್ಯ ವ್ಯವಸ್ಥೆ ಗೆದ್ದಿತೆನ್ನಬಹುದು.