ಎಲ್ಲ ಎದೆನೋವೂ ಗ್ಯಾಸ್ ಅಲ್ಲ

ಕೆಲವು ತಿಂಗಳ ಹಿಂದಿನ ಮಾತು. ಬೆಳಿಗ್ಗೆ ಎಂಟೂವರೆಗೆ ನಾನು ಕ್ಲಿನಿಕ್ಕಿನ ಬಾಗಿಲು ತೆರೆಯುವ ಹೊತ್ತಿಗೆ ಐವತ್ತು ದಾಟಿದ ದಿನಸಿ ಅಂಗಡಿಯವರೊಬ್ಬರು ಬೆಂಚಿನ ಮೇಲೆ ಕುಳಿತಿದ್ದರು. ಮಗನ ಸ್ಕೂಟರಿನ ಹಿಂದೆ ಕುಳಿತು ಬಂದಿದ್ದರು. "ರಾತ್ರಿ ಎರಡು ಗಂಟೆಯಿಂದ ಗ್ಯಾಸ್ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ, ಅಂಗಡಿ ತೆಗೀಬೇಕು" ಎಂದರು. ಓಮದ ಕಷಾಯ, ನಿಂಬೆ ಸೋಡಾ, ಮನೆಯಲ್ಲಿದ್ದ ಮಾತ್ರೆ ಎಲ್ಲವೂ ಆಗಿತ್ತು. ಹಣೆಯ ಮೇಲೆ ತಣ್ಣನೆಯ ಬೆವರು ಕಾಣುತ್ತಿತ್ತು. ಇಸಿಜಿ ತೆಗೆದಾಗ ಹೃದಯಾಘಾತವೆಂಬುದು ಸ್ಪಷ್ಟವಾಯಿತು. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ಜೀವ ಉಳಿಯಿತು. ಆದರೆ ಆ ಆರೂವರೆ ಗಂಟೆಗಳಲ್ಲಿ ಸತ್ತ ಹೃದಯದ ಸ್ನಾಯು ಮರಳಿ ಬರುವುದಿಲ್ಲ. ಈಗ ಅವರಿಗೆ ಒಂದು ಮಹಡಿ ಹತ್ತಿದರೂ ಏದುಸಿರು.

ಇದು ಅವರೊಬ್ಬರ ತಪ್ಪಲ್ಲ. ನಮ್ಮ ದೇಹದ ರಚನೆಯೇ ನಮ್ಮನ್ನು ಹೀಗೆ ದಾರಿ ತಪ್ಪಿಸುತ್ತದೆ.

ಹೃದಯವೆಂದರೆ ಎಡಗಡೆ ಎಂದು ನಾವೆಲ್ಲ ತಿಳಿದಿದ್ದೇವೆ. ವಾಸ್ತವವಾಗಿ ಅದು ಇರುವುದು ಎದೆಯ ನಡುವೆ, ಎದೆಮೂಳೆಯ ಹಿಂದೆ, ಸ್ವಲ್ಪ ಎಡಕ್ಕೆ ವಾಲಿಕೊಂಡು. ಗಾತ್ರದಲ್ಲಿ ಒಂದು ಮುಷ್ಟಿಯಷ್ಟು, ತೂಕ ಸುಮಾರು 300 ಗ್ರಾಂ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ವಪೆ ಎಂಬ ತೆಳು ಸ್ನಾಯುವಿನ ಮೇಲೆ ಅದು ಕುಳಿತಿದೆ. ವಪೆಯ ಕೆಳಗೇ ಜಠರ. ಹೀಗೆ ಇವೆರಡೂ ಗೋಡೆ ಹಂಚಿಕೊಂಡ ನೆರೆಮನೆಯವರಂತೆ.

ಈ ಪುಟ್ಟ ಪಂಪು ವಿಶ್ರಾಂತಿಯಲ್ಲಿರುವಾಗಲೂ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ದೂಡುತ್ತದೆ. ಆದರೆ ತನ್ನೊಳಗೆ ಹರಿಯುವ ಆ ರಕ್ತದಿಂದ ಅದು ತನಗೆ ಬೇಕಾದ ಆಮ್ಲಜನಕವನ್ನು ನೇರವಾಗಿ ಪಡೆಯಲಾರದು. ದಿನವಿಡೀ ಲಕ್ಷಗಟ್ಟಲೆ ಎಣಿಸುವ ಬ್ಯಾಂಕಿನ ಕ್ಯಾಷಿಯರ್ ತನ್ನ ಖರ್ಚಿಗೆ ಸಂಬಳವನ್ನೇ ಕಾಯಬೇಕಲ್ಲವೇ, ಹಾಗೆ. ಹೃದಯದ ಮೇಲ್ಮೈಯಲ್ಲಿ ಹಬ್ಬಿರುವ ಕೊರೊನರಿ ಧಮನಿಗಳೇ ಅದರ ಸಂಬಳದ ದಾರಿ. ಅದರಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ಪೂರ್ತಿ ನಿಂತರೆ ಅರ್ಧ ಗಂಟೆಯೊಳಗೇ ಸ್ನಾಯು ಸಾಯಲಾರಂಭಿಸುತ್ತದೆ. ಮುಂದಿನ ಗಂಟೆಗಳಲ್ಲಿ ಹಾನಿ ಹರಡುತ್ತಾ ಹೋಗುತ್ತದೆ.

ಹಾಗಾದರೆ ನೋವು ಹೃದಯದ್ದೆಂದು ನಮಗೇಕೆ ತಿಳಿಯುವುದಿಲ್ಲ? ಬೆರಳಿಗೆ ಸೂಜಿ ಚುಚ್ಚಿದರೆ ಎಲ್ಲಿ ಎಂದು ಕರಾರುವಾಕ್ಕಾಗಿ ಹೇಳಬಲ್ಲೆವು. ಒಳಅಂಗಗಳ ವಿಷಯದಲ್ಲಿ ಹಾಗಲ್ಲ. ಹೃದಯದಿಂದ ಬರುವ ನರಗಳು, ಎದೆಯ ಗೋಡೆಯಿಂದ ಮತ್ತು ತೋಳಿನ ಒಳಭಾಗದಿಂದ ಬರುವ ನರಗಳು ಮಿದುಳುಬಳ್ಳಿಯ ಒಂದೇ ಭಾಗಕ್ಕೆ ಬಂದು ಸೇರುತ್ತವೆ. ಸುದ್ದಿ ಯಾವ ಮನೆಯಿಂದ ಬಂತೆಂದು ಮಿದುಳಿಗೆ ಗೊಂದಲ. ಆದ್ದರಿಂದಲೇ ನೋವು ಎಡತೋಳು, ದವಡೆ, ಬೆನ್ನು ಅಥವಾ ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಳ್ಳಬಹುದು. ಹೃದಯದ ತಳಭಾಗಕ್ಕೆ ಪೆಟ್ಟಾದರೆ ವಾಕರಿಕೆ, ವಾಂತಿಯೂ ಉಂಟು. ಒಂದು ತೇಗು ಬಂದರಂತೂ ಗ್ಯಾಸೇ ಎಂದು ಮನೆಯವರೆಲ್ಲ ತೀರ್ಮಾನಿಸಿಬಿಡುತ್ತಾರೆ.

ಸಕ್ಕರೆ ಕಾಯಿಲೆಯವರಲ್ಲಿ ನರಗಳು ದುರ್ಬಲವಾಗಿ ನೋವೇ ಇಲ್ಲದಿರಬಹುದು. ಬೆವರು, ಉಬ್ಬಸ, ವಿಪರೀತ ಸುಸ್ತು ಮಾತ್ರ ಕಾಣಬಹುದು. ಹೆಂಗಸರಲ್ಲೂ ಇಂಥ ಲಕ್ಷಣಗಳು ಹೆಚ್ಚು. ಅಡುಗೆ ಮುಗಿಸಿ ಹೋದರಾಯಿತು ಎನ್ನುವುದೂ ಅವರಲ್ಲೇ ಹೆಚ್ಚು.

2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೊಂದು ಬಂದಾಗ ಜಯದೇವ ಆಸ್ಪತ್ರೆಗಳ ಮುಂದೆ ಜನ ಸಾಲುಗಟ್ಟಿ ನಿಂತರು. ಏನೂ ತೊಂದರೆಯಿಲ್ಲದಾಗ ಗಾಬರಿಯಿಂದ ಓಡುವ ನಾವೇ, ನಿಜವಾಗಿ ಎದೆ ಹಿಂಡುವ ರಾತ್ರಿ ಬೆಳಗಾಗಲಿ ಎಂದು ಕಾಯುತ್ತೇವೆ. ಶಾಲೆಯಲ್ಲಿ ಹೃದಯದ ನಾಲ್ಕು ಕೋಣೆಗಳ ಚಿತ್ರ ಬಿಡಿಸಿ ಅಂಕ ಪಡೆದೆವು. ಆ ಹೃದಯ ನೊಂದರೆ ಎಲ್ಲೆಲ್ಲಿ ನೋಯುತ್ತದೆಂದು ಯಾರೂ ಕಲಿಸಲಿಲ್ಲ. ಇದು ಪಾಠದಲ್ಲಿ ಸೇರಲೇಬೇಕು. ವೈದ್ಯರಾದ ನಮ್ಮ ಪಾಲೂ ಇದೆ. ಇಂಥ ರೋಗಿಗೆ ಇಸಿಜಿ ತೆಗೆಯದೆ ಗ್ಯಾಸಿನ ಇಂಜೆಕ್ಷನ್ ಕೊಟ್ಟು ಕಳುಹಿಸುವುದು ತಪ್ಪು. ಮೊದಲ ಇಸಿಜಿ ಸರಿಯಿದ್ದರೂ ಅನುಮಾನವಿದ್ದಲ್ಲಿ ಮತ್ತೆ ತೆಗೆಯಬೇಕು.

ಎದೆಯ ನಡುವೆ ಭಾರ ಅಥವಾ ಹಿಂಡಿದಂಥ ನೋವು ಹತ್ತು ಹದಿನೈದು ನಿಮಿಷಕ್ಕೂ ಹೋಗದಿದ್ದರೆ, ಜೊತೆಗೆ ಬೆವರು ಅಥವಾ ಉಸಿರಾಟದ ತೊಂದರೆ ಇದ್ದರಂತೂ ಕೂಡಲೇ, 108ಕ್ಕೆ ಕರೆ ಮಾಡಿ. ರೋಗಿಯನ್ನು ನಡೆಸಬೇಡಿ, ಮೆಟ್ಟಿಲು ಹತ್ತಿಸಬೇಡಿ, ಸ್ಕೂಟರಿನಲ್ಲಿ ಕೂರಿಸಬೇಡಿ. ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡಲೆಂದು ರಾಜ್ಯ ಸರ್ಕಾರ 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯನ್ನು ಆರಂಭಿಸಿತು. ಆ ಔಷಧಿಯ ಗುಣ ಇರುವುದು ಮೊದಲ ಕೆಲವು ಗಂಟೆಗಳಲ್ಲಿ. ಆ ಗಂಟೆಗಳನ್ನು ನಾವು ಕಷಾಯ ಕುದಿಸುತ್ತಾ ಕಳೆದರೆ ಯಾವ ಯೋಜನೆಯೂ ನೆರವಿಗೆ ಬಾರದು.

ಆಸ್ಪತ್ರೆಗೆ ಹೋದ ಮೇಲೆ ಗ್ಯಾಸೇ ಎಂದು ಗೊತ್ತಾದರೆ ನಾಚಿಕೊಳ್ಳಬೇಕಾಗಿಲ್ಲ. ನೆಮ್ಮದಿಯಿಂದ ಮನೆಗೆ ಬಂದು ಕಷಾಯ ಕುಡಿಯಿರಿ.